ಬೆಳವಲ-ಮಲ್ಲಾಡಗಳ ಹೊಟ್ಟೆಯ ಲೆಕ್ಕ: ಧಾರವಾಡ ಜಿಲ್ಲೆಯ ಗ್ರಾಮೀಣ ಬದುಕಿನಲ್ಲಿ ಮಲಬದ್ಧತೆ, ಅದರ ಅಳತೆ ಮತ್ತು ಔಷಧ ಪರೀಕ್ಷೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದ ಅಧ್ಯಯನಗಳಲ್ಲಿ ಹಾವು ಕಡಿತ, ಮೂಳೆ ಮುರಿತ, ಕಾಮಾಲೆ, ದೃಷ್ಟಿದೋಷ, ಬಾಣಂತಿಯ ಆರೈಕೆ ಮೊದಲಾದವುಗಳಿಗೆ ದೊರೆತಷ್ಟು ಸ್ಥಾನ ಮಲಬದ್ಧತೆಗೆ ದೊರೆತಿಲ್ಲ. ಇದಕ್ಕೆ ವಿಷಯ ಕ್ಷುಲ್ಲಕವೆಂಬುದು ಕಾರಣವಲ್ಲ. ಹೇಳುವವರಿಗೂ ಕೇಳುವವರಿಗೂ ಇರುವ ಸಂಕೋಚವೇ ಕಾರಣ. ಆದರೆ ಹಳ್ಳಿಯ ಮನೆಯಲ್ಲಿ ಹಾವಿನ ಮದ್ದು ಬೇಕಾಗುವುದು ತಲೆಮಾರಿಗೊಮ್ಮೆ. ಹೊಟ್ಟೆಯ ಮದ್ದು ಬೇಕಾಗುವುದು ತಿಂಗಳಿಗೊಮ್ಮೆ. ಯಾವ ಔಷಧ ಹೆಚ್ಚು ಬಾರಿ, ಹೆಚ್ಚು ಜನರ ಮೇಲೆ, ಹೆಚ್ಚು ಕಾಲ ಪ್ರಯೋಗವಾಗಿದೆಯೋ ಅದರಲ್ಲಿಯೇ ಜನಪದರ ಪರೀಕ್ಷಾಕ್ರಮ ಸ್ಪಷ್ಟವಾಗಿ ಕಾಣಬೇಕು. ಈ ದೃಷ್ಟಿಯಿಂದ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ಭಾಗಗಳ ಗ್ರಾಮೀಣ ಬದುಕನ್ನು ಮುಂದಿಟ್ಟುಕೊಂಡು, ಕರುಳಿನ ಚಲನೆಯನ್ನು ಅಳೆಯುವ ಹಾಗೂ ಅದಕ್ಕೆ ಕೊಡುವ ಔಷಧಿಗಳನ್ನು ಪರೀಕ್ಷಿಸುವ ಹಳೆಯ-ಹೊಸ ಕ್ರಮಗಳನ್ನು ಒಟ್ಟಿಗೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಮಾತಿನ ಕಡೆಗೆ ಗಮನ ಹರಿಸಬೇಕು. ಗ್ರಾಂಥಿಕ ಕನ್ನಡದಲ್ಲಿ ಮಲವಿಸರ್ಜನೆಗೆ ‘ಬಹಿರ್ದೆಸೆ’ ಎಂಬ ಹೆಸರುಂಟು. ಧಾರವಾಡ ಸೀಮೆಯ ಆಡುಮಾತಿನಲ್ಲಿ ಅದು ‘ಹೊರಕಡೆ’, ‘ಬಯಲಕಡೆ’ ಅಥವಾ ‘ಚೆರಿಗಿ ತಗೊಂಡು ಹೋಗೋದು’. ಎರಡರಲ್ಲಿಯೂ ಕ್ರಿಯೆಯ ಹೆಸರಿಲ್ಲ. ದಿಕ್ಕಿನ ಹೆಸರಿದೆ, ಇಲ್ಲವೆ ಪಾತ್ರೆಯ ಹೆಸರಿದೆ. ತೊಂದರೆಯ ಹೆಸರುಗಳು ಮಾತ್ರ ನೇರವಾಗಿವೆ. ‘ಹೊಟ್ಟಿ ಕಟ್ಟೈತಿ’ ಎಂದರೆ ಮಲ ಹೋಗುತ್ತಿಲ್ಲ, ‘ಹೊಟ್ಟಿ ಜಾಡಸಾಕ ಹತ್ತೈತಿ’ ಎಂದರೆ ಭೇದಿಯಾಗುತ್ತಿದೆ. ಮದ್ದಿನ ಹೆಸರು ‘ಜುಲಾಬು’. ಪಾರಸಿಯ ಗುಲಾಬ್, ಅಂದರೆ ಪನ್ನೀರು, ಅರಬ್ಬಿಯಲ್ಲಿ ಜುಲಾಬ್ ಆಗಿ ಸಿಹಿಪಾನಕದ ಅರ್ಥ ಪಡೆದು, ಭಾರತಕ್ಕೆ ಬಂದು ವಿರೇಚನದ ಮದ್ದಾಗಿ ನಿಂತಿತು. ಪನ್ನೀರಿನ ಹೆಸರು ಔಡಲೆಣ್ಣೆಗೆ ಅಂಟಿಕೊಂಡಿದ್ದು ಶಬ್ದಗಳ ಇತಿಹಾಸದಲ್ಲಿ ನಡೆದ ಸಣ್ಣ ಕುಚೋದ್ಯವೆನ್ನಬೇಕು.

ನೆಲ ಮತ್ತು ಅನ್ನ

ಧಾರವಾಡ ಜಿಲ್ಲೆಯ ಪೂರ್ವ ಮತ್ತು ಪಶ್ಚಿಮ ಭಾಗಗಳು ಎರಡು ಬೇರೆ ಲೋಕಗಳು. ನವಲಗುಂದ, ಅಣ್ಣಿಗೇರಿಗಳು ಎರೆಮಣ್ಣಿನ ಬಯಲು. ಶಾಸನಗಳ ಬೆಳ್ವೊಲ ಮುನ್ನೂರು ಇದೇ ನಾಡು, ಅಣ್ಣಿಗೇರಿ ಅದರ ರಾಜಧಾನಿ. ಕುಂದಗೋಳವೂ ಬಹುಮಟ್ಟಿಗೆ ಎರೆಭೂಮಿಯೇ. ಪಶ್ಚಿಮದ ಕಲಘಟಗಿ ಮಲ್ಲಾಡ. ಅಲ್ಲಿ ಮಳೆ ಹೆಚ್ಚು, ಗದ್ದೆಯುಂಟು, ಅಡವಿಯುಂಟು, ಅಡವಿಯಲ್ಲಿ ಅಳಲೆ, ತಾರೆ, ಕಕ್ಕೆಯ ಮರಗಳುಂಟು. ಬೆಳವಲದವರು ಜೋಳ ಉಣ್ಣುವವರು. ಮಲ್ಲಾಡದವರು ಅಕ್ಕಿಯನ್ನೂ ಬೆಳೆದು ಉಣ್ಣುವವರು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಧಾರವಾಡ ಗ್ಯಾಝೆಟಿಯರ್ ಜಿಲ್ಲೆಯ ಜಾತಿ ಪಂಗಡಗಳನ್ನು ವರ್ಣಿಸುವಾಗ ಮತ್ತೆ ಮತ್ತೆ ಹೇಳುವುದು ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆಗಳನ್ನೇ.

ಬೆಳವಲದ ಗಂಗಾಳದಲ್ಲಿ ಇರುತ್ತಿದ್ದುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಅಥವಾ ಕಡಲೆಪಲ್ಯ, ನೆನೆಸಿದ ಇಲ್ಲವೆ ಮೊಳಕೆ ಬರಿಸಿದ ಹೆಸರು, ಮಡಿಕೆಕಾಳು, ಹಸಿಯಾಗಿಯೇ ತಿನ್ನುವ ಹಕ್ಕರಿಕೆ, ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ, ಅಗಸಿ, ಗುರೆಳ್ಳು, ಶೇಂಗಾದ ಹಿಂಡಿ, ಕುಸುಬಿಯ ಎಣ್ಣೆ, ಮಜ್ಜಿಗೆ. ಇವುಗಳಲ್ಲಿ ಅಗಸಿಯ ಬೀಜ ನೀರು ಕುಡಿದು ಲೋಳೆಯಾಗುವ ಗುಣದ್ದು. ಗುಜರಾತಿನಿಂದ ಬರುವ ಇಸಬಗೋಲದ ಹೊಟ್ಟು ಮಾಡುವ ಕೆಲಸವೂ ಇದೇ. ಔಷಧದಂಗಡಿಯಲ್ಲಿ ಡಬ್ಬಿ ಕಟ್ಟಿ ಮಾರುವುದನ್ನು ಬೆಳವಲದ ಅಡುಗೆಮನೆ ಹಿಂಡಿಯಾಗಿ ಕುಟ್ಟಿ ಇಟ್ಟುಕೊಂಡಿತ್ತು. ಚಳಿಗಾಲದಲ್ಲಿ ಹಾಲುತುಂಬಿದ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿಯನ್ನು ಇದಕ್ಕೆ ಸೇರಿಸಬೇಕು. ಅಣ್ಣಿಗೇರಿಯ ಹೆಸರು ಇಂದಿಗೂ ಕೃಷಿ ವಿಜ್ಞಾನಿಗಳ ಬಾಯಲ್ಲಿ ಇರುವುದು ಅಣ್ಣಿಗೇರಿ-1 ಎಂಬ ಕಡಲೆಯ ತಳಿಯಿಂದ ಎಂಬುದೂ ಇಲ್ಲಿ ನೆನೆಯತಕ್ಕದ್ದು.

ಈ ಅನ್ನದಲ್ಲಿ ನಾರಿನಂಶ ಎಷ್ಟಿತ್ತು ಎಂಬ ಪ್ರಶ್ನೆಗೆ ವಿಜ್ಞಾನ ಎರಡು ಕಾಲದಲ್ಲಿ ಎರಡು ಉತ್ತರ ಕೊಟ್ಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕಗಳಲ್ಲಿ 100 ಗ್ರಾಂ ಜೋಳದ ನಾರು 1.6 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯದು 0.2 ಗ್ರಾಂ. ಅದು ‘ಕಚ್ಚಾ ನಾರು’. ಆಹಾರವನ್ನು ಆಮ್ಲದಲ್ಲಿಯೂ ಕ್ಷಾರದಲ್ಲಿಯೂ ಕುದಿಸಿದ ಮೇಲೆ ಉಳಿಯುವ ಭಾಗ. ಮನುಷ್ಯನ ಕರುಳು ಆಹಾರವನ್ನು ಹಾಗೆ ಕುದಿಸುವುದಿಲ್ಲ. ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಹೊಸ ಕೋಷ್ಟಕಗಳು, ಕರುಳು ಜೀರ್ಣಿಸಿಕೊಳ್ಳಲಾರದ ಒಟ್ಟು ನಾರನ್ನು ಲೆಕ್ಕಹಾಕಿದಾಗ, ಜೋಳಕ್ಕೆ ಸುಮಾರು 10.2 ಗ್ರಾಂ, ಅಕ್ಕಿಗೆ 2.8 ಗ್ರಾಂ, ಇಡೀ ಕಡಲೆಗೆ 25 ಗ್ರಾಂ ಎಂದು ತೋರಿಸಿದವು. ಜೋಳವೂ ಬದಲಾಗಿರಲಿಲ್ಲ, ಉಣ್ಣುವವರ ಹೊಟ್ಟೆಯೂ ಬದಲಾಗಿರಲಿಲ್ಲ. ಬದಲಾದುದು ಅಳತೆಗೋಲು. ಅಳತೆಗೋಲು ತಪ್ಪಾಗಿದ್ದರೆ ಒಂದು ನಾಡಿನ ಅನ್ನದ ಗುಣವೇ ದಶಕಗಳ ಕಾಲ ಕಣ್ಣಿಗೆ ಬೀಳದೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಎಣ್ಣೆ ಮತ್ತು ಎಣಿಕೆ

ಇಷ್ಟು ನಾರು ಉಂಡವರಿಗೂ ಹೊಟ್ಟೆ ಕಟ್ಟುತ್ತಿತ್ತು. ಅದಕ್ಕೆ ಮನೆಯ ಮದ್ದು ಔಡಲೆಣ್ಣೆ. ಹೊಲದ ಬದುವಿಗೆ, ಬೆಳೆಯ ಅಂಚಿಗೆ ಹಾಕಿದ ಔಡಲದ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸಟ್ಟುಗದಿಂದ ತೆಗೆದು, ಮತ್ತೆ ಕಾಯಿಸಿ ನೀರಿನಂಶ ಕಳೆದು ಇಡುವುದು ಹೆಂಗಸರ ಕೆಲಸವಾಗಿತ್ತು. ಔಡಲದ ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಅದು ಪ್ರೋಟೀನು, ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ಕುದಿಸಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹುರಿದು ಕುದಿಸುವ ಈ ಕ್ರಮ ವಿಷವನ್ನು ನೀರಿನಲ್ಲಿ ಬಿಟ್ಟು ಮದ್ದನ್ನು ಮೇಲೆ ತರುತ್ತದೆ. ಕ್ರಮದ ಕಾರಣ ಗೊತ್ತಿರಲಿಲ್ಲ, ಕ್ರಮ ಗೊತ್ತಿತ್ತು. ಎಣ್ಣೆ ಕೆಲಸ ಮಾಡುವ ಬಗೆ ವಿಜ್ಞಾನಕ್ಕೂ ಸ್ಪಷ್ಟವಾದುದು ತೀರ ಇತ್ತೀಚೆಗೆ. ಕರುಳಿನಲ್ಲಿ ಎಣ್ಣೆಯಿಂದ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲವು ಇಪಿ3 ಎಂಬ ಗ್ರಾಹಕದ ಮೂಲಕ ಕರುಳಿನ ಸ್ನಾಯುವನ್ನು ಕೆರಳಿಸುತ್ತದೆ ಎಂದು ಜರ್ಮನಿಯ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟದ್ದು 2012ರಲ್ಲಿ. ಗರ್ಭಕೋಶದ ಸ್ನಾಯುವಿಗೂ ಅದೇ ಗ್ರಾಹಕವೇ ಬಾಗಿಲು. ಬಸುರಿಗೆ ಔಡಲೆಣ್ಣೆ ಕೊಡಬಾರದೆಂಬ ನಿಷೇಧಕ್ಕೂ, ದಿನ ತುಂಬಿದವಳಿಗೆ ಹೆರಿಗೆ ಬರಲೆಂದು ಕೊಡುವ ರೂಢಿಗೂ ಇದು ಒಂದೇ ವಿವರಣೆ.

ಜುಲಾಬು ತೆಗೆದುಕೊಳ್ಳುವುದು ಒಂದು ದಿನದ ಆಚರಣೆ. ಹಿಂದಿನ ರಾತ್ರಿ ಹಗುರಾದ ಊಟ. ಬೆಳಗಿನ ಜಾವ ಬಿಸಿ ಚಹಾ, ಹಾಲು ಅಥವಾ ಶುಂಠಿಯ ನೀರಿನೊಡನೆ ಎಣ್ಣೆ. ಅನಂತರ ಬಿಸಿನೀರಿನ ಗುಟುಕುಗಳು. ಎಷ್ಟು ಸಲ ಹೋಯಿತೆಂಬ ಮನೆಯ ಹಿರಿಯಳ ಎಣಿಕೆ. ಸಾಕೆನಿಸಿದಾಗ ಮಜ್ಜಿಗೆ ಕಲಸಿದ ಮೆತ್ತಗಿನ ಅನ್ನ. ಇಲ್ಲಿ ಔಷಧ, ಪ್ರಮಾಣ, ಕಾಲ, ಫಲದ ಎಣಿಕೆ, ನಿಲ್ಲಿಸುವ ಕ್ರಮ ಈ ಐದೂ ಇವೆ. ಇದು ಪರೀಕ್ಷೆಯ ಸ್ವರೂಪವೇ.

ಶಾಸ್ತ್ರೀಯ ಆಯುರ್ವೇದದಲ್ಲಿ ಇದೇ ಎಣಿಕೆ ನಿಯಮವಾಗಿ ಬರೆಯಲ್ಪಟ್ಟಿದೆ. ಚರಕಸಂಹಿತೆಯು ವಿರೇಚನದ ಫಲವನ್ನು ವೇಗಗಳಿಂದ ಅಳೆಯುತ್ತದೆ: ಹತ್ತು ವೇಗ ಕನಿಷ್ಠ, ಇಪ್ಪತ್ತು ಮಧ್ಯಮ, ಮೂವತ್ತು ಉತ್ತಮ. ಎಣಿಕೆಯೊಡನೆ ಪರಿಮಾಣವೂ ಉಂಟು. ಕ್ರಮವಾಗಿ ಎರಡು, ಮೂರು, ನಾಲ್ಕು ಪ್ರಸ್ಥ. ಇನ್ನೂ ಗಮನಾರ್ಹವಾದುದು ‘ಕೋಷ್ಠ’ದ ಕಲ್ಪನೆ. ಒಂದೇ ಮದ್ದು ಒಬ್ಬನಿಗೆ ಹೆಚ್ಚಾಗುತ್ತದೆ, ಇನ್ನೊಬ್ಬನಿಗೆ ನಾಟುವುದಿಲ್ಲ. ಆದ್ದರಿಂದ ಮದ್ದಿಗಿಂತ ಮೊದಲು ಹೊಟ್ಟೆಯನ್ನು ಪರೀಕ್ಷಿಸಬೇಕು. ಮೃದುಕೋಷ್ಠದವನಿಗೆ ಹಾಲು, ಕಬ್ಬಿನ ಹಾಲು, ದ್ರಾಕ್ಷಿಗಳೇ ಸಾಕು. ಕ್ರೂರಕೋಷ್ಠದವನಿಗೆ ಅವು ಏನೂ ಮಾಡವು. ತುಪ್ಪ ಕುಡಿಸಿದರೆ ಮೊದಲನೆಯವನು ಮೂರು ರಾತ್ರಿಗಳಲ್ಲಿ, ಎರಡನೆಯವನು ಏಳು ರಾತ್ರಿಗಳಲ್ಲಿ ಸ್ನಿಗ್ಧನಾಗುತ್ತಾನೆ. ಗಡಿಯಾರವಿಲ್ಲದ ಕಾಲದಲ್ಲಿ ರಾತ್ರಿಗಳನ್ನು ಎಣಿಸಿ ಕರುಳಿನ ಸ್ವಭಾವವನ್ನು ಗುರುತಿಸುವ ಪ್ರಯತ್ನವಿದು. ಇಂದಿನ ಕರುಳಿನ ಸಂಚಾರಕಾಲದ ಮಾಪನ ಇದೇ ಎಂದು ಹೇಳುವುದು ಅತ್ಯುತ್ಸಾಹವಾದೀತು. ಆದರೆ ರೋಗಿಗಳನ್ನು ವೇಗದ ಕರುಳಿನವರು, ನಿಧಾನ ಕರುಳಿನವರು ಎಂದು ವಿಂಗಡಿಸಿಯೇ ಮದ್ದು ಆರಿಸಬೇಕೆಂಬ ತಿಳಿವಳಿಕೆ ಎರಡರಲ್ಲಿಯೂ ಸಮಾನ.

ಕನ್ನಡ ನಾಡಿನಲ್ಲಿ ಈ ಜ್ಞಾನ ಸಂಸ್ಕೃತದಲ್ಲಿಯೇ ಉಳಿಯಲಿಲ್ಲ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಮನೆಬಳಕೆಯ ಇತರ ವಿಷಯಗಳೊಡನೆ ವೈದ್ಯವನ್ನೂ ಕನ್ನಡಕ್ಕೆ ತಂದಿತು. ಹನ್ನೆರಡನೆಯ ಶತಮಾನದ ನಡುವಿನ ಹೊತ್ತಿಗೆ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದ. ಕೀರ್ತಿವರ್ಮನ ‘ಗೋವೈದ್ಯ’ ಬಂದದ್ದೂ ಆ ಶತಮಾನದ ಸುಮಾರಿನಲ್ಲಿಯೇ. ಈ ಮೂರನೆಯ ಗ್ರಂಥದ ನೆನಪು ಇಲ್ಲಿ ಕೇವಲ ಪಟ್ಟಿಗಾಗಿ ಅಲ್ಲ. ಒಕ್ಕಲಿಗನಿಗೆ ಸೆಗಣಿಯನ್ನು ನೋಡಿ ಎತ್ತಿನ ಆರೋಗ್ಯ ಹೇಳುವುದು ನಿತ್ಯದ ವಿದ್ಯೆ. ಸೆಗಣಿ ಗಟ್ಟಿಯಾಗಿ ಗಂಟುಗಂಟಾಗಿದ್ದರೆ ಒಂದು, ತೆಳ್ಳಗೆ ಚೆಲ್ಲಿದರೆ ಒಂದು, ಅರಗದ ಕಾಳು ಕಂಡರೆ ಇನ್ನೊಂದು. ಹಸುವಿನ ಹೊಟ್ಟೆಯಲ್ಲಿ ಮೇವು ಸಾಗುವ ವೇಗವನ್ನು ತಿಳಿಯಲು ಇಂಗ್ಲೆಂಡಿನಲ್ಲಿ 1950ರಲ್ಲಿ ನಡೆದ ಪ್ರಯೋಗದಲ್ಲಿ ಹುಲ್ಲಿಗೆ ಬಣ್ಣ ಹಾಕಿ ತಿನ್ನಿಸಿ, ಸೆಗಣಿಯಲ್ಲಿ ಆ ಬಣ್ಣದ ಚೂರುಗಳನ್ನು ಎಣಿಸಿದರು. ಸೀತನಿ ತಿಂದ ಮರುದಿನ, ಮೆಕ್ಕೆತೆನೆ ತಿಂದ ಮರುದಿನ ಅಗಿಯದ ಕಾಳು ಹೊರಬೀಳುವುದನ್ನು ಕಂಡ ಯಾರಿಗೂ ಈ ಪ್ರಯೋಗದ ತತ್ತ್ವ ಹೊಸದೆನಿಸದು.

ಎಕ್ಸ್-ರೇ ಮತ್ತು ಗುಳಿಗೆ

ಮನುಷ್ಯನ ಕರುಳನ್ನು ಹೊರಗಿನಿಂದಲೇ ನೋಡಲು ಸಾಧ್ಯವಾದದ್ದು ಕ್ಷಕಿರಣದಿಂದ. 1890ರ ದಶಕದ ಕೊನೆಯಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ ಜಠರದ ಚಲನೆಯನ್ನು ಗಮನಿಸಿದ. ಲಂಡನ್ನಿನ ಆರ್ಥರ್ ಹರ್ಟ್ಸ್ ಇದೇ ದಾರಿಯಲ್ಲಿ ಮನುಷ್ಯರನ್ನು ಪರೀಕ್ಷಿಸಿ 1909ರಲ್ಲಿ ಮಲಬದ್ಧತೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಅದೇ ಕಾಲದಲ್ಲಿ ಅದೇ ನಗರದ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್, ಕರುಳಿನಲ್ಲಿ ನಿಂತ ಮಲ ಮೈಯನ್ನೆಲ್ಲ ವಿಷಮಾಡುತ್ತದೆಂದು ನಂಬಿ ರೋಗಿಗಳ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಅವನ ಪಕ್ಕದಲ್ಲಿ ನಿಲ್ಲಿಸಿದರೆ ಔಡಲೆಣ್ಣೆಯ ಅಜ್ಜಿ ಬಹಳ ಸಂಯಮದವಳಾಗಿ ಕಾಣುತ್ತಾಳೆ.

ಸುಲಭವಾದ, ಎಲ್ಲಿಯೂ ಮಾಡಬಹುದಾದ ಮಾಪನ ಬಂದದ್ದು 1969ರಲ್ಲಿ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಹಿಂಟನ್, ಲೆನಾರ್ಡ್-ಜೋನ್ಸ್ ಮತ್ತು ಯಂಗ್ ಎಂಬವರು ಎಕ್ಸ್-ರೇಯಲ್ಲಿ ಕಾಣುವ ಪ್ಲಾಸ್ಟಿಕ್ ತುಣುಕುಗಳನ್ನು ನುಂಗಿಸಿ, ಅವು ಮಲದಲ್ಲಿ ಹೊರಬರುವ ದಿನಗಳನ್ನು ಎಣಿಸಿದರು. ನುಂಗಿಸಿದ್ದರಲ್ಲಿ ಶೇಕಡಾ 80ರಷ್ಟು ಐದನೆಯ ದಿನದೊಳಗೆ ಹೊರಬಂದರೆ ಆರೋಗ್ಯವೆಂಬುದು ಅಂದಿನಿಂದ ಮಾನದಂಡವಾಯಿತು. ಆಫ್ರಿಕದಲ್ಲಿ ಬಹುಕಾಲ ವೈದ್ಯನಾಗಿದ್ದ ಡೆನಿಸ್ ಬರ್ಕಿಟ್ ತನ್ನ ಸಹೋದ್ಯೋಗಿಗಳೊಡನೆ ಈ ಬಗೆಯ ತುಣುಕುಗಳನ್ನು ಬೇರೆ ಬೇರೆ ನಾಡಿನ ಜನರಿಗೆ ನುಂಗಿಸಿ 1972ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದ ಲೇಖನ ಪ್ರಸಿದ್ಧವಾದುದು. ಬ್ರಿಟಿಷ್ ನೌಕಾದಳದವರಲ್ಲಿ ಆಹಾರ ದೇಹವನ್ನು ದಾಟಲು ಮೂರು ದಿನಕ್ಕಿಂತ ಹೆಚ್ಚು ಕಾಲ, ದಿನದ ಮಲ ಸುಮಾರು 100 ಗ್ರಾಂ. ಉಗಾಂಡದ ಹಳ್ಳಿಗರಲ್ಲಿ ಸುಮಾರು ಒಂದೂವರೆ ದಿನ, 470 ಗ್ರಾಂ. ಮಲಬದ್ಧತೆ ಅನ್ನದ ಕೊರತೆಯಿಂದಲ್ಲ, ಅನ್ನದಲ್ಲಿ ನಾರಿನ ಕೊರತೆಯಿಂದ ಎಂಬ ವಾದ ಇದರಿಂದ ಬಲಗೊಂಡಿತು. ಅವನಿಗಿಂತ ಅರ್ಧಶತಮಾನ ಹಿಂದೆಯೇ ಕೂನೂರಿನ ಪ್ರಯೋಗಶಾಲೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಭಾರತದ ನಾನಾ ಪ್ರಾಂತಗಳ ಆಹಾರವನ್ನು ಇಲಿಗಳಿಗೆ ತಿನ್ನಿಸಿ, ಗೋಧಿ, ಹಾಲು, ಕಾಯಿಪಲ್ಲೆಗಳ ಊಟಕ್ಕೂ ಪಾಲಿಶ್ ಅಕ್ಕಿಯ ಊಟಕ್ಕೂ ಇರುವ ಅಂತರವನ್ನು ತೋರಿಸಿದ್ದ. ಕೂನೂರಿನ ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಹೋಯಿತು.

ಭಾರತದಲ್ಲಿಯೂ ಅಳತೆಗಳು ನಡೆದವು. 1975ರಲ್ಲಿ ದೆಹಲಿಯ ಸಂಶೋಧಕರು ಉತ್ತರ ಭಾರತೀಯರ ದಿನದ ಮಲದ ತೂಕ ಸರಾಸರಿ 300 ಗ್ರಾಂ ಆಸುಪಾಸಿನಲ್ಲಿದೆಯೆಂದು ವರದಿ ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 1989ರಲ್ಲಿ ದಕ್ಷಿಣ ಭಾರತದ ಆರೋಗ್ಯವಂತರ ಕರುಳಿನ ಸಂಚಾರಕಾಲವನ್ನು ಪ್ರಕಟಿಸಿದರು. ಎಲ್ಲಕ್ಕಿಂತ ಮುಖ್ಯವಾದುದು ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಘೋಷಾಲ್ ಮತ್ತು ಸಂಗಡಿಗರ 2007ರ ಕೆಲಸ. ಪಾಶ್ಚಾತ್ಯ ಕ್ರಮದಂತೆ ಮೂರು, ಐದು ದಿನ ಕಳೆದು ಎಕ್ಸ್-ರೇ ತೆಗೆದರೆ ಭಾರತೀಯರಲ್ಲಿ ರೋಗಿಯ ಹೊಟ್ಟೆಯಿಂದಲೂ ತುಣುಕುಗಳು ಹೊರಟುಹೋಗಿರುತ್ತವೆ. ನಿಧಾನವಿದ್ದರೂ ನಿಧಾನವೆಂದು ತಿಳಿಯದು. ಆದ್ದರಿಂದ ಅವರು ಹನ್ನೆರಡು ಗಂಟೆಗಳ ಅಂತರದಲ್ಲಿ ಮೂರು ಬಾರಿ ಇಪ್ಪತ್ತಿಪ್ಪತ್ತು ತುಣುಕು ನುಂಗಿಸಿ, 36 ಮತ್ತು 60ನೆಯ ಗಂಟೆಗೆ ಚಿತ್ರ ತೆಗೆಯುವ ಹೊಸ ಕ್ರಮ ರೂಪಿಸಿದರು.

ರೋಗದ ವ್ಯಾಖ್ಯೆಯಲ್ಲಿಯೂ ಇದೇ ತೊಡಕು. ಜಗತ್ತಿನ ವೈದ್ಯರು ಅನುಸರಿಸುವ ರೋಮ್ ಮಾನದಂಡಗಳಲ್ಲಿ ವಾರಕ್ಕೆ ಮೂರಕ್ಕಿಂತ ಕಡಿಮೆ ಬಾರಿ ಮಲವಿಸರ್ಜನೆ ಎಂಬುದೊಂದು ಲಕ್ಷಣ. ದಿನಕ್ಕೆ ಒಮ್ಮೆ, ಎರಡು ಬಾರಿ ಹೋಗುವುದೇ ರೂಢಿಯಾದ ನಾಡಿನಲ್ಲಿ ಎರಡು ದಿನಕ್ಕೊಮ್ಮೆ ಹೋಗುವವನು ತಾನು ರೋಗಿಯೆಂದೇ ಭಾವಿಸುತ್ತಾನೆ. ಮಾನದಂಡದ ಪ್ರಕಾರ ಅವನು ಆರೋಗ್ಯವಂತ. ಭಾರತದ ಜಠರಕರುಳು ತಜ್ಞರು 2018ರಲ್ಲಿ ತಮ್ಮದೇ ಸಹಮತದ ಹೇಳಿಕೆಯನ್ನು ಸಿದ್ಧಪಡಿಸಬೇಕಾಗಿ ಬಂದುದರ ಹಿನ್ನೆಲೆ ಇದು. ಸರಳವಾದ ಇನ್ನೊಂದು ಸಾಧನ ಬ್ರಿಸ್ಟಲ್ ಮಾಪಕ. ಮಲದ ಆಕಾರವನ್ನು ಗಟ್ಟಿ ಗಂಟುಗಳಿಂದ ನೀರಿನವರೆಗೆ ಏಳು ಬಗೆಯಾಗಿ ವಿಂಗಡಿಸುವ ಈ ಮಾಪಕವನ್ನು 1997ರಲ್ಲಿ ಲೂಯಿಸ್ ಮತ್ತು ಹೀಟನ್ ಪರೀಕ್ಷಿಸಿದ ಬಗೆ ಸ್ವಾರಸ್ಯಕರ. 66 ಜನರ ಕರುಳಿನ ಸಂಚಾರಕಾಲವನ್ನು ಅಳೆದು, ಒಂದು ಮದ್ದಿನಿಂದ ಅದನ್ನು ತ್ವರೆಗೊಳಿಸಿ, ಇನ್ನೊಂದರಿಂದ ನಿಧಾನಗೊಳಿಸಿ, ಆಕಾರ ಅದರಂತೆ ಬದಲಾಗುವುದೇ ಎಂದು ನೋಡಿದರು. ಬದಲಾಯಿತು. ತ್ವರೆಗೆ ಅವರು ಬಳಸಿದ ಮದ್ದು ನಮ್ಮ ಗಂಧಿಗೆ ಅಂಗಡಿಗಳ ಸೋನಾಮುಖಿ. ಸೆಗಣಿ ನೋಡಿ ಎತ್ತಿನ ಹೊಟ್ಟೆ ಹೇಳುವ ಒಕ್ಕಲಿಗನ ವಿದ್ಯೆಗೆ ಬ್ರಿಸ್ಟಲ್ಲಿನಲ್ಲಿ ಅಂಕಿಗಳ ಸಮರ್ಥನೆ ದೊರೆತಂತಾಯಿತು.

ಮದ್ದಿನ ಪರೀಕ್ಷೆ: ಜನಪದ ಕ್ರಮದ ಕೊರತೆ

ಇಷ್ಟರಿಂದ ಜನಪದರಿಗೆ ಎಲ್ಲವೂ ತಿಳಿದಿತ್ತೆಂಬ ತೀರ್ಮಾನಕ್ಕೆ ಬರುವುದು ಜಾನಪದ ಅಧ್ಯಯನದ ಹಳೆಯ ಚಾಳಿ. ಅದನ್ನು ಇಲ್ಲಿ ಬಿಡಬೇಕು. ಮನೆಯ ಎಣಿಕೆ ಜುಲಾಬಿನ ದಿನದ ಎಣಿಕೆ ಮಾತ್ರ. ಔಡಲೆಣ್ಣೆ ಆ ದಿನ ಕೆಲಸ ಮಾಡುತ್ತದೆ ಎಂಬುದಕ್ಕೆ ಯಾವ ಪ್ರಯೋಗಶಾಲೆಯ ಸಾಕ್ಷ್ಯವೂ ಬೇಡ. ಆದರೆ ಪೂರ್ತಿ ಬರಿದಾದ ದೊಡ್ಡಕರುಳು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಆ ದಿನಗಳಲ್ಲಿ ಮಲ ಹೋಗದಿರುವುದು ಸಹಜ. ಅದನ್ನು ಮತ್ತೆ ಹೊಟ್ಟೆ ಕಟ್ಟಿತೆಂದು ತಿಳಿದು ಮತ್ತೆ ಎಣ್ಣೆ ಕುಡಿದರೆ ರೋಗವನ್ನು ಮದ್ದೇ ಸಾಕುತ್ತದೆ. ಮರುದಿನದ, ಮರುವಾರದ ಲೆಕ್ಕ ಇಡುವ ಪದ್ಧತಿ ಮನೆಯಲ್ಲಿ ಇರಲಿಲ್ಲ. ದೀರ್ಘಕಾಲದ ಮಲಬದ್ಧತೆಗೆ ಮದ್ದು ನಾಟಿತೋ ಇಲ್ಲವೋ ಎಂಬುದು ತಿಳಿಯುವುದು ಆ ಲೆಕ್ಕದಿಂದಲೇ.

ಎರಡನೆಯದು ಹೋಲಿಕೆಯ ಕೊರತೆ. ಪ್ರುಕಲೋಪ್ರೈಡ್ ಎಂಬ ಔಷಧಿಯ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೀವ್ರ ಮಲಬದ್ಧತೆಯುಳ್ಳ 620 ರೋಗಿಗಳಿದ್ದರು. ಯಾರಿಗೆ ಮದ್ದು, ಯಾರಿಗೆ ಮದ್ದಿಲ್ಲದ ಗುಳಿಗೆ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯದು. ಹನ್ನೆರಡು ವಾರಗಳಲ್ಲಿ ಸರಾಸರಿ ವಾರಕ್ಕೆ ಮೂರು ಬಾರಿ ಪೂರ್ಣ ತೃಪ್ತಿಯಾಗುವಂತೆ ಹೊಟ್ಟೆ ತೆರವಾದವರು ಮದ್ದಿನ 2 ಮಿಲಿಗ್ರಾಂ ಪಡೆದವರಲ್ಲಿ ಶೇಕಡಾ 30.9, ಬರಿಯ ಗುಳಿಗೆ ಪಡೆದವರಲ್ಲಿ ಶೇಕಡಾ 12. ಈ ಎರಡನೆಯ ಅಂಕಿಯ ಕಡೆಗೆ ಜನಪದ ವೈದ್ಯದ ಅಧ್ಯಯನಕಾರರ ಗಮನ ಹರಿಯಬೇಕು. ಎಂಟರಲ್ಲಿ ಒಬ್ಬರಿಗೆ ಏನೂ ಇಲ್ಲದ ಗುಳಿಗೆಯಿಂದಲೂ ಗುಣ ಕಂಡಿತು. ಹೀಗಿರುವಾಗ ಒಬ್ಬ ನಾಟಿವೈದ್ಯನ ಮದ್ದಿನಿಂದ ಇಂತಿಷ್ಟು ಜನಕ್ಕೆ ಗುಣವಾಯಿತೆಂಬ ಸಂಗ್ರಹದ ವರದಿ, ಹೋಲಿಕೆಯಿಲ್ಲದೆ, ಮದ್ದಿನ ಸಾಮರ್ಥ್ಯವನ್ನು ಹೇಳಲಾರದು. ಪ್ರುಕಲೋಪ್ರೈಡ್ ಪಡೆದವರಲ್ಲಿ ಹತ್ತಕ್ಕೆ ಏಳು ಜನರಿಗೆ ಆ ಮಟ್ಟದ ಗುಣ ದೊರೆಯಲಿಲ್ಲವೆಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಮೂರನೆಯದು ಹಾನಿಯ ಲೆಕ್ಕ. ಶಿಶುವಿಗೆ ಬಜೆ, ಅಳಲೆ ತೇಯ್ದು ಗುಟ್ಟಿ ಹಾಕುವಾಗ ಔಡಲೆಣ್ಣೆಯನ್ನೂ ಬಾಯಿಗೆ, ಮೂಗಿಗೆ ಬಿಡುವ ರೂಢಿ ದಕ್ಷಿಣ ಭಾರತದಲ್ಲೆಲ್ಲ ಉಂಟು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯವನ್ನು ಮಕ್ಕಳ ವೈದ್ಯರು ಬಹಳ ಹಿಂದಿನಿಂದಲೂ ದಾಖಲಿಸುತ್ತ ಬಂದಿದ್ದಾರೆ. ಕರುಳು ಮಡಿಚಿಕೊಂಡ ಮಗುವಿಗೆ, ಅಪೆಂಡಿಕ್ಸ್ ಬಾತ ಹುಡುಗನಿಗೆ ಹೊಟ್ಟೆನೋವೆಂದು ಜುಲಾಬು ಕೊಟ್ಟರೆ ಕರುಳು ಒಡೆಯಬಹುದು. ಜಾಪಾಳದ ಬೀಜದ ಭೇದಿಮದ್ದು ಪ್ರಮಾಣ ಮೀರಿದರೆ ಪ್ರಾಣವನ್ನೇ ತೆಗೆಯುತ್ತದೆ. ಈ ಸಾವುಗಳು ಮದ್ದಿನ ಲೆಕ್ಕಕ್ಕೆ ಬರಲಿಲ್ಲ. ಹಣೆಬರಹದ, ದೇವರ ಕಾಟದ ಲೆಕ್ಕಕ್ಕೆ ಹೋದವು. ಆಧುನಿಕ ಔಷಧಿಗಳು ನಿರಪಾಯವೆಂದು ಇದರ ಅರ್ಥವಲ್ಲ. ಸಿಸಾಪ್ರೈಡ್ ಹೃದಯದ ಬಡಿತವನ್ನು ಕೆಡಿಸುತ್ತದೆಂದು 2000ದಲ್ಲಿ, ಟೆಗಾಸೆರಾಡ್ ಹೃದಯ ಮತ್ತು ಮಿದುಳಿನ ರಕ್ತಸಂಚಾರಕ್ಕೆ ಅಡ್ಡಿ ತರುತ್ತದೆಂಬ ಶಂಕೆಯಿಂದ 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದವು. ಭಾರತ ಸರಕಾರ ಇವೆರಡನ್ನೂ 2011ರಲ್ಲಿ ನಿಷೇಧಿಸಿತು. ಹಾನಿಯನ್ನು ಎಣಿಸುವ ವ್ಯವಸ್ಥೆ ಇದ್ದುದರಿಂದಲೇ ಅವು ಹೊರಬಿದ್ದವು ಎಂಬುದು ಇಲ್ಲಿನ ವ್ಯತ್ಯಾಸ.

ಬಯಲಿನಲ್ಲಿ ಮರೆಯಿಲ್ಲ

ನಾರು, ಮದ್ದು ಎರಡರ ಲೆಕ್ಕಕ್ಕೂ ಸಿಗದ ಒಂದು ಕಾರಣ ಬೆಳವಲದ ನೆಲದಲ್ಲಿಯೇ ಇದೆ. ನವಲಗುಂದ, ಅಣ್ಣಿಗೇರಿಗಳ ಎರೆಹೊಲ ಕಣ್ಣು ಹಾಯುವಷ್ಟು ದೂರ ಸಮತಟ್ಟು. ಮರ ವಿರಳ, ಕುರುಚಲು ಇಲ್ಲ, ಕಲ್ಲುಬಂಡೆಯ ಮರೆಯಿಲ್ಲ. ಜೋಳ ಆಳೆತ್ತರ ಬೆಳೆದು ನಿಂತ ತಿಂಗಳುಗಳಲ್ಲಿ ಮರೆ ಉಂಟು. ಸುಗ್ಗಿ ಮುಗಿದ ಮೇಲೆ ಮಳೆಗಾಲದವರೆಗೆ ಬರಿಯ ಬಯಲು. ಗಂಡಸು ಹಗಲಿನಲ್ಲಿಯೂ ಚೆರಿಗೆ ಹಿಡಿದು ಹಳ್ಳದ ಕಡೆಗೆ ಹೋಗಬಲ್ಲ. ಹೆಂಗಸು ಬೆಳಕು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ, ಅದೂ ಜೊತೆಗಾರ್ತಿಯರು ಸಿಕ್ಕಾಗ ಹೋಗಬೇಕು. ನಡುಹಗಲಿನ ವೇಗವನ್ನು ಅವಳು ತಡೆಯಲೇಬೇಕು. ಹಗಲು ಹೋಗಬೇಕಾಗದಿರಲೆಂದು ಕಡಿಮೆ ಉಣ್ಣುವುದು, ಕಡಿಮೆ ನೀರು ಕುಡಿಯುವುದು ಇದರ ಮುಂದಿನ ಹೆಜ್ಜೆ. ಮಲ್ಲಾಡದ ಕಲಘಟಗಿಯಲ್ಲಿ ಗಿಡಗಂಟಿಯ ಮರೆಯಾದರೂ ಇತ್ತು. ಭೂಗೋಳ ಒಂದು ಜಿಲ್ಲೆಯೊಳಗೆ ಹೆಂಗಸಿನ ಹೊಟ್ಟೆಯ ಮೇಲೆ ಹೀಗೆ ಎರಡು ಬಗೆಯ ಕಟ್ಟಳೆ ವಿಧಿಸಿತು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ತಡೆಯಬಾರದ ಹದಿಮೂರು ವೇಗಗಳ ಅಧ್ಯಾಯವೇ ಇದೆ. ಮಲವೇಗವನ್ನು ತಡೆದವರಿಗೆ ಹೊಟ್ಟೆನೋವು, ತಲೆನೋವು, ಮೀನಖಂಡದ ಸೆಳೆತ, ಹೊಟ್ಟೆಯುಬ್ಬರ ಹಾಗೂ ಮಲವೇ ಹೊರಡದಿರುವುದು ಉಂಟಾಗುತ್ತದೆಂದು ಅದು ಹೇಳುತ್ತದೆ. 1990ರಲ್ಲಿ ಜರ್ಮನಿಯ ಕ್ಲೌಸರ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗಕ್ಕೆ ಒಡ್ಡಿದರು. ಹನ್ನೆರಡು ಜನ ಆರೋಗ್ಯವಂತ ಯುವಕರು ಒಂದು ವಾರ ಮಲವೇಗವನ್ನು ಬೇಕೆಂದೇ ತಡೆದರು; ತುಣುಕು ನುಂಗಿಸಿ ಅಳೆದಾಗ ಅವರ ದೊಡ್ಡಕರುಳಿನ ಸಂಚಾರ ಗಮನಾರ್ಹವಾಗಿ ನಿಧಾನವಾಗಿತ್ತು. ಮಲಬದ್ಧತೆಯನ್ನು ಕಲಿಯಬಹುದೆ ಎಂಬುದು ಅವರ ಲೇಖನದ ಶೀರ್ಷಿಕೆಯಲ್ಲಿಯೇ ಇದ್ದ ಪ್ರಶ್ನೆ. ಅವರು ಒಂದು ವಾರ ಮಾಡಿದ್ದನ್ನು ಬೆಳವಲದ ಹೆಣ್ಣುಮಕ್ಕಳು ಮೈನೆರೆದಂದಿನಿಂದ ಮುಪ್ಪಿನವರೆಗೆ ಮಾಡುತ್ತ ಬಂದರು. ಜೋಳ, ಕಡಲೆ, ಪುಂಡಿಪಲ್ಯ ಉಂಡ ಮನೆಯಲ್ಲಿ ಜುಲಾಬಿನ ಬೇಡಿಕೆ ಏಕೆ ಕುಗ್ಗಲಿಲ್ಲ ಎಂಬುದಕ್ಕೆ ಬರ್ಕಿಟ್‌ನ ನಾರಿನ ವಾದದಲ್ಲಿ ಉತ್ತರವಿಲ್ಲ. ಅವನ ತುಣುಕುಗಳು ಎಷ್ಟು ಹೊತ್ತಿಗೆ ಹೊರಬಂದವೆಂಬುದನ್ನು ಹೇಳುತ್ತವೆ. ಹೊರಹೋಗಲು ಅನುಮತಿ ಎಷ್ಟು ಹೊತ್ತಿಗೆ ಇತ್ತು ಎಂಬುದನ್ನು ಹೇಳುವುದಿಲ್ಲ.

ನೀರಿನ ಮಾತೂ ಇದಕ್ಕೆ ಹೊಂದಿಕೊಂಡಿದೆ. ಎರೆನೆಲದ ಭಾವಿಗಳ ನೀರು ಬಹುಮಟ್ಟಿಗೆ ಸವಳು. ಕುಡಿಯಲು ಕೆರೆಯ ನೀರೇ ಗತಿ. ಹೆಚ್ಚು ನೀರು ಕುಡಿದರೆ ಹೊಟ್ಟೆ ಸಡಿಲವಾಗುತ್ತದೆಂಬ ನಂಬಿಕೆಗೆ, ಮೈಯಲ್ಲಿ ನೀರು ಕಡಿಮೆಯಾದವರ ಹೊರತು ಇತರರಲ್ಲಿ, ಬಲವಾದ ಸಾಕ್ಷ್ಯವಿಲ್ಲ. ಆದರೆ ಬೇಸಗೆಯಲ್ಲಿ ಬಿಸಿಲಿನ ಕೆಲಸ ಮಾಡಿ, ಕೊಡ ಹೊತ್ತು ತಂದ ನೀರನ್ನು ಎಲ್ಲರಿಗೂ ಕೊಟ್ಟು ಉಳಿದುದನ್ನು ಕುಡಿಯುವವಳು ಆ ಮೊದಲನೆಯ ಗುಂಪಿಗೇ ಸೇರಿದವಳು.

ಕಳೆದ ಐದು ದಶಕಗಳಲ್ಲಿ ಈ ಚಿತ್ರದ ಎರಡೂ ಬದಿಗಳು ಬದಲಾಗಿವೆ. ದೇಶದಲ್ಲಿ ಜೋಳದ ಕ್ಷೇತ್ರ 1970-71ರಲ್ಲಿ ಸುಮಾರು 1.7 ಕೋಟಿ ಹೆಕ್ಟೇರ್ ಇದ್ದುದು ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ನವಲಗುಂದದ ಹೊಲಗಳಲ್ಲಿ ಹತ್ತಿ, ಮೆಕ್ಕೆಜೋಳ ಹೆಚ್ಚಿದವು. 2013ರ ಅನ್ನಭಾಗ್ಯ ಯೋಜನೆಯ ನಂತರ ಪಡಿತರದ ಅಕ್ಕಿ ರಾತ್ರಿಯ ಊಟವಾಯಿತು. ಹಸಿವು ನೀಗಿಸಿದ ಯೋಜನೆಯನ್ನು ನಾರಿನ ಹೆಸರಿನಲ್ಲಿ ಹಳಿಯುವುದು ಸಲ್ಲದು. ಇನ್ನೊಂದು ಬದಿಯಲ್ಲಿ, 2014ರಿಂದ ಮನೆಮನೆಗೆ ಶೌಚಾಲಯಗಳು ಎದ್ದವು; 2018ರ ನವೆಂಬರಿನಲ್ಲಿ ಗ್ರಾಮೀಣ ಕರ್ನಾಟಕವನ್ನು ಬಯಲು ಶೌಚಮುಕ್ತವೆಂದು ಘೋಷಿಸಲಾಯಿತು. ನಾಲ್ಕು ಗೋಡೆ ಮತ್ತು ಒಂದು ಬಾಗಿಲು ಕತ್ತಲೆಯ ಕೆಲಸವನ್ನು ಹಗಲಿನಲ್ಲಿಯೂ ಮಾಡಬಲ್ಲವು. ಆದರೆ ಬಯಲಿಗೆ ಒಂದು ಚೆರಿಗೆ ನೀರು ಸಾಕಾಗಿದ್ದರೆ ಶೌಚಾಲಯಕ್ಕೆ ಒಂದು ಬಕೆಟ್ ಬೇಕು. ನಳದಲ್ಲಿ ದಿನಬಿಟ್ಟು ದಿನ ನೀರು ಬರುವ ಊರಿನಲ್ಲಿ ಆ ಬಕೆಟ್ಟನ್ನು ತುಂಬಿ ತರುವವಳು ಯಾರೆಂಬುದು ಬದಲಾಗಿಲ್ಲ.